ಅಮ್ಮಣ್ಣಿಯ ಎಣ್ಣೆ, ಸರಸಳ ಎಣ್ಣೆ

ವಾಮದಪದವಿನಲ್ಲಿ ಬಸ್ಸಿನಿಂದ ಇಳಿದವರು ಅಮ್ಮಣ್ಣಿಯ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಗಾಳಿ ರಸ್ತೆಯ ಕಡೆಗೆ ಬೀಸುತ್ತಿದ್ದರೆ ಮೂಗೇ ದಾರಿ ತೋರಿಸುತ್ತಿತ್ತು. ಮನೆಯ ಹಿಂದಿನ ಸೋಗೆಯ ಕೊಟ್ಟಿಗೆಯಲ್ಲಿ ತಾಮ್ರದ ದೊಡ್ಡ ಹಂಡೆ, ಅದರ ಬಾಯಿಗೆ ಮಣ್ಣು ಮೆತ್ತಿ ಕೂರಿಸಿದ ಮುಚ್ಚಳ, ಮುಚ್ಚಳದಿಂದ ಹೊರಟು ತಣ್ಣೀರಿನ ತೊಟ್ಟಿಯೊಳಗೆ ಸುತ್ತಿ ಬರುವ ಕೊಳವೆ. ಹಂಡೆಯಲ್ಲಿ ನಿಂಬೆ ಸಿಪ್ಪೆಯೋ ಕಿತ್ತಳೆ ಸಿಪ್ಪೆಯೋ ಬೇಯುತ್ತಿರುತ್ತಿತ್ತು. ಆವಿ ಕೊಳವೆಯಲ್ಲಿ ತಣಿದು ನೀರಾಗಿ ತೊಟ್ಟಿಕ್ಕುವಾಗ, ಆ ನೀರಿನ ಮೇಲೆ ತೆಳ್ಳಗೆ ಎಣ್ಣೆ ತೇಲುತ್ತಿತ್ತು. ಒಂದು ಹೊರೆ ಸಿಪ್ಪೆಗೆ ಒಂದು ಸಣ್ಣ ಸೀಸೆ ಎಣ್ಣೆ ಸಿಕ್ಕಿದರೆ ಅಂದು ಒಳ್ಳೆಯ ದಿನ.

ಊರವರು ಅವಳನ್ನು ಭಟ್ಟಿ ಅಮ್ಮಣ್ಣಿ ಎನ್ನುತ್ತಿದ್ದರು. ಮೊದಮೊದಲು ಅದು ಕುಹಕದ ಹೆಸರಾಗಿತ್ತು. ಗಂಡ ಶೀನಪ್ಪ ಕಾರ್ಕಳದ ಕಡೆ ಗಂಧದೆಣ್ಣೆ ತೆಗೆಯುವ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದಿದ್ದ. ಅದು ಮುಚ್ಚಿದಾಗ ಹಳೆಯ ಹಂಡೆಯನ್ನು ಗಾಡಿಯಲ್ಲಿ ಹೇರಿಕೊಂಡು ಊರಿಗೆ ಬಂದ. ಐವತ್ತೊಂದನೆಯ ಇಸವಿಯಲ್ಲಿ ಕಾಮಾಲೆಯಾಗಿ ತೀರಿಹೋದ. ಅಮ್ಮಣ್ಣಿಗೆ ಆಗ ಮೂವತ್ತಮೂರು. ಮಕ್ಕಳಿರಲಿಲ್ಲ. ಹಂಡೆಯನ್ನು ಪಾತ್ರೆಯವರಿಗೆ ಕೊಟ್ಟುಬಿಡು ಎಂದು ಎಲ್ಲರೂ ಹೇಳಿದರು. ಅವಳು ಮೂರನೆಯ ತಿಂಗಳಿಗೆ ಒಲೆ ಹೊತ್ತಿಸಿದಳು.

ಪಾನನಿರೋಧದ ಕಾಲ ಅದು. ಒಂಟಿ ಹೆಂಗಸಿನ ಮನೆಯಲ್ಲಿ ಭಟ್ಟಿ ಉರಿಯುತ್ತದೆಂದರೆ ಸುದ್ದಿ ಎಷ್ಟು ದೂರ ಹೋಗಬೇಕೋ ಅಷ್ಟು ದೂರ ಹೋಯಿತು. ಒಂದು ದಿನ ಇನ್‌ಸ್ಪೆಕ್ಟರು ಇಬ್ಬರು ಪೊಲೀಸರನ್ನು ಕರೆದುಕೊಂಡು ನೇರ ಕೊಟ್ಟಿಗೆಗೇ ಬಂದರು.

"ಇದರೊಳಗೆ ಎಂತ ಕಾಯಿಸುವುದು?"

"ನಿಂಬೆ ಸಿಪ್ಪೆ."

"ಸಿಪ್ಪೆಯ ಸಾರಾಯಿಯಾ?"

ಅಮ್ಮಣ್ಣಿ ಅವರ ಅಂಗೈಗೆ ಒಂದು ಚಮಚ ಎಣ್ಣೆ ಸುರಿದಳು. "ಕುಡಿದು ನೋಡಿ." ಇನ್‌ಸ್ಪೆಕ್ಟರು ನಾಲಗೆ ತಾಗಿಸಿದ್ದೇ ಬಾವಿಕಟ್ಟೆಗೆ ಓಡಿದರು. ಆದರೂ ಲೈಸೆನ್ಸಿಗೆಂದು ಮಂಗಳೂರಿಗೆ ನಾಲ್ಕು ಸಲ ಅಲೆಯಬೇಕಾಯಿತು. ನಾಲ್ಕನೆಯ ಸಲ ಕಚೇರಿಯ ಗುಮಾಸ್ತರು ಅವಳ ಸೆರಗಿನ ವಾಸನೆಗೇ ತಲೆಯೆತ್ತಿ, "ಬಂದ್ರಾ?" ಎಂದು ಕೇಳಿದರಂತೆ.

ಹೀಗೆ ಕಷ್ಟಪಟ್ಟು ಉಳಿಸಿಕೊಂಡ ಕಸುಬು. ಬಿ.ಸಿ. ರೋಡಿನ ಶರಬತ್ತಿನ ಅಂಗಡಿಗಳಿಂದ ಸಿಪ್ಪೆಯ ಗೋಣಿ ಬಸ್ಸಿನಲ್ಲಿ ಬರುತ್ತಿತ್ತು. ಎಣ್ಣೆ ಬಂಟ್ವಾಳ ಪೇಟೆಯ ಅಬೂಬಕ್ಕರ್ ಸಾಹೇಬರ ಅಂಗಡಿಗೆ ಹೋಗುತ್ತಿತ್ತು. ಅತ್ತರು, ಊದುಬತ್ತಿ, ಸಾಬೂನಿನ ವ್ಯಾಪಾರ ಅವರದ್ದು. ನಿಂಬೆ ಎಣ್ಣೆಯನ್ನು ಅವರು ಮಂಗಳೂರಿನ ಸೋಡದವರಿಗೂ ಸಾಬೂನಿನವರಿಗೂ ಕೊಡುವರು. ಕಿತ್ತಳೆ ಎಣ್ಣೆಗೆ ಬೇರೆಯೇ ಗಿರಾಕಿಗಳು. ಮರದ ಸಾಮಾನಿಗೆ ಹೊಳಪು ಕೊಡುವವರು, ಕೈಗಂಟಿದ ಗ್ರೀಸು ಬಿಡಿಸಿಕೊಳ್ಳುವ ಬಸ್ಸಿನ ಮೆಕ್ಯಾನಿಕ್ಕುಗಳು, ಹಲಸಿನ ಕಾಲದಲ್ಲಿ ಕತ್ತಿಯ ಮೇಣ ತೆಗೆಯಬೇಕಾದ ಹೆಂಗಸರು. ಅಬೂಬಕ್ಕರರು ಬಿರಡೆ ತೆಗೆದು, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದು, "ಅಮ್ಮಣ್ಣಕ್ಕನ ಕೈ ಅಂದ್ರೆ ಕೈ" ಎನ್ನುವರು. ತಿಂಗಳಿಗೊಮ್ಮೆ ಕೇಳುವ ಆ ಮಾತು ಅಮ್ಮಣ್ಣಿಗೆ ಮುಂದಿನ ತಿಂಗಳವರೆಗೆ ಬರುತ್ತಿತ್ತು.

ಐವತ್ತೇಳರಲ್ಲಿ ಅವಳ ತಮ್ಮ ಲೋಕನಾಥನಿಗೆ ಮದುವೆಯಾಯಿತು. ಲೋಕನಾಥ ವಾಮದಪದವಿನಲ್ಲೇ ಬಸ್ಸಿನ ಏಜೆಂಟು, ಅಕ್ಕನ ಜತೆಗೇ ಇದ್ದವನು. ಹೆಂಡತಿ ಸರಸ ಬೆಳ್ತಂಗಡಿಯ ಹತ್ತಿರದವಳು, ಎಂಟನೆಯ ಕ್ಲಾಸಿನವರೆಗೆ ಓದಿದವಳು, ಒಳ್ಳೆಯ ಹುಡುಗಿ. ಒಳ್ಳೆಯವಳೆಂಬುದೇ ಅಮ್ಮಣ್ಣಿಗೆ ಕಷ್ಟವಾಯಿತು. ಎದುರುತ್ತರ ಕೊಡುವವಳಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಸರಸ ಬೆಳಗ್ಗೆ ಬೇಗ ಏಳುವಳು, ಸಿಪ್ಪೆ ಹೆಚ್ಚಿ ಕೊಡುವಳು, "ಅತ್ತಿಗೆ, ಇದು ಯಾಕೆ ಹೀಗೆ?" ಎಂದು ಕೇಳುವಳು. ಆರು ವರ್ಷ ಯಾರೂ ಏನೂ ಕೇಳದಿದ್ದ ಕೊಟ್ಟಿಗೆಯಲ್ಲಿ ಆ ಪ್ರಶ್ನೆಗಳು ಮೊದಲು ಹಿತವಾದವು. ಒಂದು ವರ್ಷವಾಗುವಷ್ಟರಲ್ಲಿ, ತಾನು ಹೇಳುವ ಉತ್ತರಕ್ಕಿಂತ ಅವಳು ಕೇಳುವ ಪ್ರಶ್ನೆಯೇ ಚೆನ್ನಾಗಿದೆ ಎಂದು ಅಮ್ಮಣ್ಣಿಗೆ ಅನಿಸತೊಡಗಿತು.

ಐವತ್ತೊಂಬತ್ತರ ಬೇಸಿಗೆಯಲ್ಲಿ ಬೆಳ್ತಂಗಡಿಯ ಬ್ಲಾಕ್ ಅಭಿವೃದ್ಧಿ ಕಚೇರಿಯವರು ಹೆಂಗಸರಿಗಾಗಿ ಹತ್ತು ದಿನದ ತರಬೇತಿ ಇಟ್ಟರು. ಹಣ್ಣಿನ ರಸ ಕೆಡದಂತೆ ಇಡುವುದು, ಉಪ್ಪಿನಕಾಯಿ, ಸ್ಕ್ವಾಷು ಇಂಥವು. ಸರಸ ತಾಯಿಮನೆಯಲ್ಲಿ ಉಳಿದುಕೊಂಡು ಹೋಗಿ ಬಂದಳು. ಮೂಡಬಿದ್ರೆಯಿಂದ ಕೃಷ್ಣಕುಮಾರ ಎಂಬ ವಿಜ್ಞಾನದ ಮಾಸ್ತರರು ಅಲ್ಲಿಗೆ ಎರಡು ದಿನ ಪಾಠ ಮಾಡಲು ಬಂದಿದ್ದರಂತೆ. ಇಟಲಿಯ ಕಡೆ ಬೆಂಕಿಯೇ ಇಲ್ಲದೆ ಎಣ್ಣೆ ತೆಗೆಯುತ್ತಾರೆಂದು ಅವರು ಹೇಳಿಕೊಟ್ಟರಂತೆ.

"ಸಿಪ್ಪೆಯನ್ನು ನೀರಲ್ಲಿ ನೆನೆಸುವುದು ಅತ್ತಿಗೆ, ಆಮೇಲೆ ಮಗುಚಿ ಸ್ಪಂಜಿಗೆ ಒತ್ತುವುದು. ಸಿಪ್ಪೆಯ ಹೊರಮೈಯಲ್ಲಿ ಸಣ್ಣ ಸಣ್ಣ ಗುಳ್ಳೆ ಉಂಟಲ್ಲ, ಅದು ಒಡೆದು ಎಣ್ಣೆ ಸ್ಪಂಜಿಗೆ ಹೋಗ್ತದೆ. ಸ್ಪಂಜನ್ನು ಬೋಗುಣಿಗೆ ಹಿಂಡಿ ಇಟ್ಟರೆ ನೀರು ಕೆಳಗೆ, ಎಣ್ಣೆ ಮೇಲೆ."

"ಅಷ್ಟೆಯಾ?" ಎಂದಳು ಅಮ್ಮಣ್ಣಿ. ಬೆಂಕಿ ಇಲ್ಲ, ಹಂಡೆ ಇಲ್ಲ, ಇನ್‌ಸ್ಪೆಕ್ಟರಿಲ್ಲ, ಮಂಗಳೂರಿನ ಕಚೇರಿಯಿಲ್ಲ. ಒಂದು ಬೋಗುಣಿ, ಒಂದು ಸ್ಪಂಜು.

ಸರಸ ಜಗಲಿಯ ಮೂಲೆಯಲ್ಲಿ ಕೂತು ಗಜನಿಂಬೆಯ ಸಿಪ್ಪೆಯನ್ನೂ ನಿಂಬೆಯ ಸಿಪ್ಪೆಯನ್ನೂ ಒತ್ತತೊಡಗಿದಳು. ಅಮ್ಮಣ್ಣಿ ಕೊಟ್ಟಿಗೆಯ ಕಿಂಡಿಯಿಂದ ನೋಡುತ್ತಿದ್ದಳು. ಕೈ ನೋಯಲಿ, ಬೇಸರ ಬರಲಿ, ಬಿಟ್ಟು ಬಿಡಲಿ ಎಂದು ಕಾಯುತ್ತಿದ್ದಳು. ಸರಸ ಬಿಡಲಿಲ್ಲ. ಎರಡು ವಾರದಲ್ಲಿ ಒಂದು ಸೀಸೆ ತುಂಬಿತು. ಹಸಿರು ಬೆರೆತ ಹಳದಿ ಬಣ್ಣದ ಎಣ್ಣೆ. ಅಮ್ಮಣ್ಣಿಯದ್ದಕ್ಕೆ ನೀರಿನಂತೆ ಬಣ್ಣವೇ ಇರಲಿಲ್ಲ.

ಸರಸ ಬಾವಿಗೆ ಹೋಗಿದ್ದಾಗ ಅಮ್ಮಣ್ಣಿ ಆ ಸೀಸೆಯ ಬಿರಡೆ ತೆಗೆದು ಮೂಸಿದಳು. ಚೆನ್ನಾಗಿರದಿರಲಿ ಎಂದು ಬೇಡಿಕೊಂಡೇ ಮೂಸಿದಳು. ಈಗಷ್ಟೇ ಉಗುರಿನಿಂದ ಗೀರಿದ ಹಣ್ಣಿನ ವಾಸನೆ ಅದು. ಎಂಟು ವರ್ಷದಲ್ಲಿ ಅವಳ ಹಂಡೆಯಿಂದ ಒಮ್ಮೆಯೂ ಅಂಥದ್ದು ಬಂದಿರಲಿಲ್ಲ. ಗಾಳಿ ತಾಗಿದರೆ ಇಂಥ ಎಣ್ಣೆ ಹಾಳಾಗಿ ಟರ್ಪೆಂಟೈನಿನ ಹಾಗೆ ನಾರುತ್ತದೆಂದು ಅವಳಿಗೆ ಗೊತ್ತಿತ್ತು. ಬಿರಡೆಯನ್ನು ಸಡಿಲ ಬಿಟ್ಟು ನಾಲ್ಕು ಹೆಜ್ಜೆ ನಡೆದಳು. ಮತ್ತೆ ಬಂದು ಬಿಗಿ ಮಾಡಿದಳು. ಬಿಗಿ ಮಾಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ತಿಂಗಳ ಕೊನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋದರು. ಅಬೂಬಕ್ಕರರು ಮೊದಲು ಅಮ್ಮಣ್ಣಿಯ ಸೀಸೆ ಮೂಸಿ ತಲೆಯಾಡಿಸಿದರು. ಸರಸಳದ್ದನ್ನು ಮೂಸಿದವರು ಕಣ್ಣು ತೆರೆಯಲೇ ಇಲ್ಲ. ಎರಡನೆಯ ಸಲ ಉಸಿರೆಳೆದರು.

"ಅಲ್ಲ ಅಮ್ಮಣ್ಣಕ್ಕ, ಇದು ಹಣ್ಣೇ ಅಲ್ವಾ! ನಿಮ್ಮದ್ದು ಒಳ್ಳೆಯದೇ, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ನಿಮ್ಮದ್ದು ಬೇಯಿಸಿದ ಹಣ್ಣು."

ಬೇಯಿಸಿದ ಹಣ್ಣು. ಬಸ್ಸಿನಲ್ಲಿ ಬರುವಾಗ ಗಾಲಿ ಉರುಳಿದಷ್ಟು ಸಲವೂ ಆ ಮಾತು ಅವಳ ತಲೆಯಲ್ಲಿ ಉರುಳಿತು. ಪಕ್ಕದಲ್ಲಿ ಸರಸ, "ನಿಮ್ಮಿಂದ ಕಲಿತದ್ದೇ ಅತ್ತಿಗೆ ಎಲ್ಲ" ಎಂದಳು. ಅದು ಇನ್ನೂ ಉರಿಯಿತು.

ಆಮೇಲಿನ ತಿಂಗಳುಗಳಲ್ಲಿ ಅಮ್ಮಣ್ಣಿಯ ಊಟ ಕಡಿಮೆಯಾಯಿತು. ಅಬೂಬಕ್ಕರರು ಸರಸಳ ಹೆಸರು ಎಷ್ಟು ಸಲ ಹೇಳಿದರು, ತನ್ನದೆಷ್ಟು ಎಂದು ಎಣಿಸಿ ಬರುವಳು. ಸಿಪ್ಪೆಯಲ್ಲಿ ಒಳ್ಳೆಯದನ್ನು ಆರಿಸಿ ತಾನು ಮೊದಲು ಹಂಡೆಗೆ ಹಾಕಿಬಿಡುವಳು. ಮಿಕ್ಕ ಒಣಕಲು ಸಿಪ್ಪೆಯಿಂದಲೂ ಸರಸ ಪರಿಮಳ ಹಿಂಡುವಳು. ತಮ್ಮ ಲೋಕನಾಥ ಒಂದು ಸಂಜೆ ನಗುತ್ತ, "ಅಕ್ಕ, ಇನ್ನು ಹಂಡೆಯಲ್ಲಿ ನೀರು ಕಾಯಿಸುವ, ಸ್ನಾನಕ್ಕಾದರೂ ಆಗ್ತದೆ" ಎಂದ. ಅವನು ತಮಾಷೆಗೆಂದೇ ಹೇಳಿದ್ದು. ಅಮ್ಮಣ್ಣಿ ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ.

ಅರವತ್ತರ ಫೆಬ್ರವರಿಯಲ್ಲಿ ಅವಳು ಮಾಡಬಾರದ ಕೆಲಸ ಮಾಡಿದಳು.

ಅಂಗಡಿಯಲ್ಲಿ ಸರಸಳ ಎದುರಿಗೇ, "ಸಾಹೇಬ್ರೇ, ಒಂದು ಬಿಳಿ ಕಾಗದ ಕೊಡಿ" ಎಂದಳು. ಒಂದು ಕಡೆ ತನ್ನ ಎಣ್ಣೆಯ ಒಂದು ಹನಿ, ಇನ್ನೊಂದು ಕಡೆ ಸರಸಳ ಎಣ್ಣೆಯ ಒಂದು ಹನಿ ಬಿಟ್ಟಳು. ಚಾ ತರಿಸಿದರು, ಕುಡಿದರು. ಅಷ್ಟರಲ್ಲಿ ಅಮ್ಮಣ್ಣಿಯ ಹನಿ ಆರಿ, ಕಾಗದ ಮೊದಲಿನಂತೆ ಬೆಳ್ಳಗಾಗಿತ್ತು. ಸರಸಳದ್ದು ಆರಿದ ಮೇಲೂ ಒಂದು ಹಳದಿ ಉಂಗುರ ಉಳಿದಿತ್ತು.

"ಗಾಳಿಗೆ ಹಾರಿಹೋಗುವ ಎಣ್ಣೆ ಕಲೆ ಬಿಡುವುದಿಲ್ಲ. ಬಿಟ್ಟರೆ ಒಳಗೆ ಬೇರೆ ಎಣ್ಣೆ ಬೆರೆಸಿದ್ದು ಉಂಟು ಅಂತ ಲೆಕ್ಕ. ನನಗೆ ಇದನ್ನು ಹೇಳಿಕೊಟ್ಟದ್ದೇ ನೀವು" ಎಂದಳು ಅಮ್ಮಣ್ಣಿ.

ಅಬೂಬಕ್ಕರರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಸಪ್ಪಗಾಯಿತು. ಸರಸ, "ಅತ್ತಿಗೆ, ನಾನು ಎಂತದೂ ಹಾಕಲಿಲ್ಲ" ಎಂದಳು. "ನೀವು ನೋಡಿದ್ದೀರಲ್ಲ, ನಾನು ಮಾಡುವಾಗ?"

ನೋಡಿದ್ದಳು. ಕಿಂಡಿಯಿಂದ ದಿನಾ ನೋಡಿದ್ದಳು. ಸರಸ ಏನೂ ಬೆರೆಸಿಲ್ಲವೆಂದು ಆ ಊರಿನಲ್ಲಿ ಯಾರಿಗಾದರೂ ಖಂಡಿತವಾಗಿ ಗೊತ್ತಿದ್ದರೆ ಅದು ಅಮ್ಮಣ್ಣಿಗೆ. "ಕಾಗದ ಸುಳ್ಳು ಹೇಳ್ತದಾ?" ಎಂದಳು. ಅಬೂಬಕ್ಕರರು ಸರಸಳ ಸೀಸೆಗಳನ್ನು ಮೆಲ್ಲ ಅವಳ ಕಡೆಗೆ ದೂಡಿದರು.

ಸರಸ ಅಳುತ್ತಾಳೆ, ಸುಮ್ಮನಾಗುತ್ತಾಳೆ ಎಂದು ಅಮ್ಮಣ್ಣಿ ಎಣಿಸಿದ್ದಳು. ಅತ್ತದ್ದು ಹೌದು. ಮರುದಿನ ಬೆಳಗ್ಗೆ ಎರಡೂ ಎಣ್ಣೆಯ ಸೀಸೆಗಳನ್ನು ಚೀಲದಲ್ಲಿಟ್ಟುಕೊಂಡು, "ಮೂಡಬಿದ್ರೆಗೆ ಹೋಗ್ತೇನೆ, ಕುಮಾರ ಮಾಸ್ತ್ರನ್ನು ಕೇಳಬೇಕು. ನೀವೂ ಬನ್ನಿ ಅತ್ತಿಗೆ" ಎಂದಳು. ಬರುವುದಿಲ್ಲ ಎಂದರೆ ತನ್ನ ಸುಳ್ಳನ್ನು ಒಪ್ಪಿಕೊಂಡಂತೆ. ಅಮ್ಮಣ್ಣಿ ಹೊರಟಳು.

ಕೃಷ್ಣಕುಮಾರ ಮಾಸ್ತರರು ಸಣ್ಣ ಆಳು, ಮಾತು ನಿಧಾನ. ಮನೆಯ ಚಾವಡಿಯಲ್ಲಿ ಇಬ್ಬರನ್ನೂ ಕೂರಿಸಿ, ಕಾಗದದ ಆಟವನ್ನು ತಾವೂ ಒಮ್ಮೆ ಮಾಡಿ ನೋಡಿದರು.

"ಕಾಗದ ಸುಳ್ಳು ಹೇಳಲಿಲ್ಲ ಅಮ್ಮ. ಆದರೆ ನೀವು ಅದರ ಮಾತಿಗೆ ತಪ್ಪು ಅರ್ಥ ಮಾಡಿದ್ದೀರಿ. ಈ ಎಣ್ಣೆ ಅಂದರೆ ಒಂದೇ ವಸ್ತು ಅಲ್ಲ. ಹತ್ತಾರು ವಸ್ತುಗಳು ಸೇರಿದ್ದು. ಎಲ್ಲಕ್ಕಿಂತ ಹೆಚ್ಚು ಇರುವುದು ಲಿಮೊನೀನ್. ಕಿತ್ತಳೆ ಎಣ್ಣೆಯಲ್ಲಿ ನೂರರಲ್ಲಿ ತೊಂಬತ್ತು ಪಾಲಿಗೂ ಮೇಲೆ ಅದೇ. ಗ್ರೀಸು, ಮೇಣ ಕರಗಿಸುವ ಶಕ್ತಿ ಅದರದ್ದು. ನಿಂಬೆಯಲ್ಲಿ ಅದು ಸ್ವಲ್ಪ ಕಡಿಮೆ, ಜತೆಗೆ ಸಿಟ್ರಾಲ್ ಅಂತ ಒಂದು ಉಂಟು. ಇರುವುದು ಚೂರೇ. ಆದರೆ ನಾವು ನಿಂಬೆಯ ಪರಿಮಳ ಅಂತ ಹೇಳುವುದು ಮುಖ್ಯವಾಗಿ ಅದನ್ನು. ಹುಳಿಯ ಜತೆ ಕುದಿಸಿದರೆ ಸಿಟ್ರಾಲ್ ಬಹಳಷ್ಟು ಹಾಳಾಗ್ತದೆ. ಅದಕ್ಕೇ ನಿಮ್ಮ ಎಣ್ಣೆಗೆ ಬೇರೆ ವಾಸನೆ."

"ಮತ್ತೆ ಕಲೆ?" ಎಂದಳು ಅಮ್ಮಣ್ಣಿ.

"ಸಿಪ್ಪೆಯಲ್ಲಿ ಕೆಲವು ಭಾರದ ವಸ್ತುಗಳೂ ಇರ್ತವೆ. ಮೇಣದ ಹಾಗಿನವು, ಬಣ್ಣದವು. ಆವಿಯ ಜತೆ ಮೇಲೆ ಏಳುವ ಶಕ್ತಿ ಅವಕ್ಕಿಲ್ಲ. ನಿಮ್ಮ ಹಂಡೆಯಲ್ಲಿ ಅವು ತಳದಲ್ಲೇ ಉಳೀತವೆ. ಇವಳು ಒತ್ತಿ ತೆಗೆಯುವಾಗ ಎಲ್ಲ ಒಟ್ಟಿಗೇ ಬರ್ತವೆ. ಕಲೆ ಅದರದ್ದು. ಬೆರಕೆ ಅಲ್ಲ."

"ಆ ಭಾರದವು ಎಂತ ಮಾಡ್ತವೆ ಮಾಸ್ತ್ರೇ?" ಎಂದು ಕೇಳಿದಳು ಸರಸ.

"ಅದು ನನಗೂ ಗೊತ್ತಿಲ್ಲ. ನನ್ನ ಹತ್ತಿರ ಇರುವ ಪುಸ್ತಕದಲ್ಲಿ ಅಷ್ಟು ಇಲ್ಲ."

ಅವರು ಅಬೂಬಕ್ಕರರಿಗೆ ಒಂದು ಚೀಟಿ ಬರೆದು ಕೊಟ್ಟರು. ಮರಳುವ ದಾರಿಯಲ್ಲಿ ಸರಸ ಒಮ್ಮೆ ಮಾತ್ರ ತಿರುಗಿ ಅಮ್ಮಣ್ಣಿಯ ಮುಖವನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಮರುವಾರ ಅಬೂಬಕ್ಕರರು ಅಂಗಡಿಯ ಮೆಟ್ಟಿಲಿಳಿದು ಬಂದು, "ತಪ್ಪಾಯ್ತು ತಂಗಿ" ಎಂದು ಸರಸಳಿಗೆ ಹೇಳುವಾಗ ಅಮ್ಮಣ್ಣಿ ಪಕ್ಕದಲ್ಲೇ ನಿಂತಿದ್ದಳು. ನಾಚಿಕೆಯಾಯಿತು. ಆದರೆ ನಾಚಿಕೆ ಆದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುವುದಿಲ್ಲ. ಅವಳದ್ದು ಇನ್ನೂ ಒಳಕ್ಕೆ ಇಳಿಯಿತು, ಅಷ್ಟೆ.

ಆ ಮಳೆಗಾಲ ಮುಗಿಯುವಾಗ ಸರಸ ಹೊಸದೊಂದು ಮಾಡಿದಳು. ತೆಂಗಿನೆಣ್ಣೆಗೆ ತನ್ನ ನಿಂಬೆ ಎಣ್ಣೆ ಸೇರಿಸಿ ಮೈಗೆ ಹಚ್ಚುವ ಎಣ್ಣೆ. ಅಬೂಬಕ್ಕರರಿಗೆ ಹಿಡಿಸಿಬಿಟ್ಟಿತು. ಧರ್ಮಸ್ಥಳದಲ್ಲಿ ಅವರ ಪರಿಚಯದ ಒಂದು ಅಂಗಡಿಯಿತ್ತು. ಕಾರ್ತಿಕದ ದೀಪೋತ್ಸವಕ್ಕೆ ಬರುವ ಯಾತ್ರಿಕರಿಗೆ ಮಾರಲು ಇನ್ನೂರು ಸಣ್ಣ ಸೀಸೆ ಬೇಕೆಂದರು. ಸರಸ ಒಬ್ಬಳೇ ಕೂತು ತುಂಬಿಸತೊಡಗಿದಳು. ಸಹಾಯಕ್ಕೆ ಅತ್ತಿಗೆಯನ್ನು ಕರೆಯಲಿಲ್ಲ.

ಒಂದು ಬೆಳಗ್ಗೆ ಅವಳು ಅನ್ನ ಬಡಿಸುವಾಗ ಅಮ್ಮಣ್ಣಿಯ ಕಣ್ಣು ಅವಳ ಮುಂಗೈಯ ಮೇಲೆ ಬಿತ್ತು. ಕಂದು ಬಣ್ಣದ ಎರಡು ಗೀರು, ಎಣ್ಣೆ ಹರಿದು ಇಳಿದ ದಾರಿಯ ಹಾಗೆ. ಅಮ್ಮಣ್ಣಿಗೆ ಅದರ ಗುರುತಾಯಿತು. ಶೀನಪ್ಪನಿದ್ದ ಕಾಲದಲ್ಲಿ ಸಿಪ್ಪೆ ಸುಲಿಯಲು ಸುಬ್ಬಮ್ಮ ಎಂಬವಳು ಬರುತ್ತಿದ್ದಳು. ಅಂಗಳದ ಬಿಸಿಲಲ್ಲಿ ಕೂತು ರಾಶಿ ನಿಂಬೆ ಸುಲಿದ ಅವಳ ಕೈ ಮೂರೇ ದಿನದಲ್ಲಿ ಬೊಕ್ಕೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಕಪ್ಪಾಗಿ ಉಳಿದಿತ್ತು. "ನಿಂಬೆಯ ರಸವೂ ಬಿಸಿಲೂ ಒಟ್ಟಿಗೆ ಆಗುವುದಿಲ್ಲ" ಎಂದು ಶೀನಪ್ಪ ಅಂದಿನಿಂದ ಸಿಪ್ಪೆಯ ಕೆಲಸವನ್ನೆಲ್ಲ ಕೊಟ್ಟಿಗೆಯೊಳಗೆ ಮಾಡಿಸಿದ.

ಹೇಳಬೇಕು ಎಂದು ಅಮ್ಮಣ್ಣಿ ಬಾಯಿ ತೆರೆದಳು. ಸರಸ ಅತ್ತ ತಿರುಗಿ ಲೋಕನಾಥನಿಗೆ, "ಅಬೂಬಕ್ಕರ್ ಸಾಹೇಬ್ರು ಸೀಸೆಗೆ ಅಂಟಿಸಲಿಕ್ಕೆ ನನ್ನದೇ ಹೆಸರಿನ ಚೀಟಿ ಅಚ್ಚು ಹಾಕಿಸ್ತಾರಂತೆ" ಎಂದಳು. ಅಮ್ಮಣ್ಣಿ ಬಾಯಿಗೆ ಅನ್ನ ಹಾಕಿಕೊಂಡಳು.

ಮರುದಿನ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹೇಳಲಿಲ್ಲ. ಹೀಗೆ ಒಂಬತ್ತು ದಿನ ಕಳೆಯಿತು. ಸೀಸೆಗಳ ಸಾಲು ಜಗಲಿಯಲ್ಲಿ ಉದ್ದವಾಗುತ್ತ ಹೋಯಿತು.

ಹತ್ತನೆಯ ದಿನ ಸರಸ ಮೈಗೆಲ್ಲ ಆ ಎಣ್ಣೆ ಹಚ್ಚಿಕೊಂಡು, ಸ್ನಾನಕ್ಕೆ ನೀರು ಕಾಯುವ ಮೊದಲು ಅಂಗಳದಲ್ಲಿ ಭತ್ತ ಹರಡಲು ನಿಂತಳು. ನಡುಹಗಲಿನ ಬಿಸಿಲು. ಮುಗಿಸುವಾಗ ಎರಡು ಗಂಟೆ. ಮೂರನೆಯ ದಿನಕ್ಕೆ ಅವಳ ಕೊರಳು, ಎರಡೂ ತೋಳು, ಬೆನ್ನಿನ ಮೇಲ್ಭಾಗ ಕೆಂಡ ಸೋಕಿದಂತೆ ಕೆಂಪಾಗಿ ನೀರು ತುಂಬಿದ ಬೊಕ್ಕೆಗಳೆದ್ದವು. ಸೀರೆ ತಾಗಿದರೆ ಕಿರುಚುವಳು. ನೋಡಲು ಬಂದವರು ಸರ್ಪಸುತ್ತು ಎಂದರು. ಇನ್ನೊಬ್ಬರು ನಾಗನ ಸೇವೆಯಲ್ಲಿ ಏನೋ ತಪ್ಪಿರಬೇಕೆಂದರು. ಲೋಕನಾಥ ಮದ್ದಿಗೂ ಹರಕೆಗೂ ಒಟ್ಟಿಗೆ ಓಡಾಡಿದ. ಎಣ್ಣೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಸೀಸೆಗಳು ಶುಕ್ರವಾರದ ಬಸ್ಸಿಗೆ ಹೋಗುವುದೆಂದು ನಿಶ್ಚಯವಾಗಿತ್ತು.

ಅಂದು ಸೋಮವಾರ. ಅಮ್ಮಣ್ಣಿ ಸರಸಳ ಕೋಣೆಯ ಬಾಗಿಲಲ್ಲಿ ನಿಂತಳು. ಬಾಳೆ ಎಲೆಯ ಮೇಲೆ ಬೋರಲಾಗಿ ಮಲಗಿದ್ದ ಇಪ್ಪತ್ತಮೂರು ವರ್ಷದ ಹುಡುಗಿ. ಇನ್ನೂರು ಸೀಸೆ ಎಂದರೆ ಇನ್ನೂರು ಮೈ. ಮಕ್ಕಳ ಮೈಗೂ ಹಚ್ಚುತ್ತಾರೆ. ಆದರೆ ತಾನು ಬಾಯಿಬಿಟ್ಟರೆ ಯಾರು ನಂಬುತ್ತಾರೆ? ಕಾಗದದ ಆಟ ಆಡಿದ ಅಮ್ಮಣ್ಣಿ ಈಗ ಇದೊಂದು ಹೊಸ ಆಟ ಹೂಡಿದಳು ಎನ್ನುವುದಿಲ್ಲವೇ?

ಅವಳು ಒಂದು ಸೀಸೆ ತೆಗೆದುಕೊಂಡು ಅಂಗಳಕ್ಕೆ ಹೋದಳು. ತೆಂಗಿನೆಣ್ಣೆಯಲ್ಲಿ ತನ್ನ ಹಂಡೆಯ ಎಣ್ಣೆಯನ್ನೂ ಅಷ್ಟೇ ಪ್ರಮಾಣದಲ್ಲಿ ಬೆರೆಸಿ ಇನ್ನೊಂದು ಸೀಸೆ ಮಾಡಿಕೊಂಡಳು. ಎಡದ ತೋಳಿಗೆ ಸರಸಳದ್ದು ಹಚ್ಚಿದಳು, ಬಲದ ತೋಳಿಗೆ ತನ್ನದು. ಎರಡೂ ತೋಳುಗಳನ್ನು ಮೊಣಕಾಲಿನ ಮೇಲೆ ಚಾಚಿ ಹನ್ನೊಂದರಿಂದ ಎರಡು ಗಂಟೆಯವರೆಗೆ ಬಿಸಿಲಲ್ಲಿ ಕೂತಳು. ಊಟದ ಹೊತ್ತಿಗೆ ಮನೆಗೆ ಬಂದ ಲೋಕನಾಥ, "ಎಂತ ಅಕ್ಕ ಇದು, ತಲೆಗಿಲೆ ಸರಿ ಉಂಟಾ?" ಎಂದ. "ಹೋಗು ಮಾರಾಯ" ಎಂದಳು.

ಆ ಹೊತ್ತಿನಲ್ಲಿ ಅವಳ ಮನಸ್ಸು ಶುದ್ಧವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಸೀಸೆಗಳು ಹೋಗಬಾರದು ಎಂಬುದು ನಿಜ. ಹಾಗೆಯೇ ಎಡದ ತೋಳು ಸುಡಲಿ, ಬಲದ್ದು ಸುಡದಿರಲಿ ಎಂದು ಅವಳು ಹಾರೈಸುತ್ತಿದ್ದದ್ದೂ ನಿಜ.

ಬುಧವಾರ ಬೆಳಗ್ಗೆ ಎಡದ ತೋಳು ಕೆಂಪಾಗಿತ್ತು. ಸಂಜೆಗೆ ಬೊಕ್ಕೆ. ಬಲದ ತೋಳಿಗೆ ಏನೂ ಆಗಿರಲಿಲ್ಲ. ಗುರುವಾರ ಮೊದಲ ಬಸ್ಸಿಗೆ ಬಂಟ್ವಾಳಕ್ಕೆ ಹೋಗಿ ಎರಡೂ ತೋಳುಗಳನ್ನು ಅಬೂಬಕ್ಕರರ ಮುಂದೆ ಚಾಚಿದಳು.

"ಇದು ಸರಸಳದ್ದು. ಇದು ನನ್ನದು. ಬಿಸಿಲಲ್ಲಿ ಮೂರು ಗಂಟೆ. ಸೀಸೆ ಧರ್ಮಸ್ಥಳಕ್ಕೆ ಕಳಿಸಬೇಡಿ."

ಅಬೂಬಕ್ಕರರು ತುಂಬ ಹೊತ್ತು ನೋಡಿದರು. "ಅಮ್ಮಣ್ಣಕ್ಕ, ನಿಜ ಹೇಳಿ, ಇದು ಬಿಸಿನೀರಿನ ಬೊಕ್ಕೆ ಅಲ್ಲವಾ?"

ಕೇಳಿದ್ದು ತಪ್ಪೆಂದು ಅವಳಿಗೆ ಅನಿಸಲಿಲ್ಲ. ಹಾಗೆ ಕೇಳುವ ಹಾಗೆ ಮಾಡಿಕೊಂಡವಳು ತಾನೇ. "ನಂಬಿಕೆ ಇಲ್ಲದಿದ್ದರೆ ಅವಳ ಈ ಸೀಸೆಯಿಂದ ನಿಮ್ಮ ಕೈಗೆ ಒಂದು ಹನಿ ಹಾಕಿ ಬಿಸಿಲಿಗೆ ಹಿಡಿಯಿರಿ. ಎರಡು ದಿನ ಕಾಯಿರಿ. ಅಷ್ಟರವರೆಗೆ ಕಳಿಸುವುದು ಬೇಡ" ಎಂದಳು. ಅವರು ಹಾಗೆಯೇ ಮಾಡಿದರು. ಭಾನುವಾರ ಅವರ ಮುಂಗೈಯಲ್ಲಿ ಒಂದು ರೂಪಾಯಿಯಗಲದ ಬೊಕ್ಕೆ ಇತ್ತು.

ಮಾಸ್ತರರಿಗೂ ಸುದ್ದಿ ಹೋಯಿತು. ಅವರು ಎಲ್ಲೆಲ್ಲಿಗೋ ಕಾಗದ ಬರೆದು ತಿಳಿದುಕೊಂಡರು. ಒತ್ತಿದ ಎಣ್ಣೆಯಲ್ಲಿ ಉಳಿಯುವ ಭಾರದ ವಸ್ತುಗಳಲ್ಲಿ ಬಿಸಿಲು ತಾಗಿದಾಗ ಚರ್ಮ ಸುಡುವಂಥವೂ ಇವೆಯಂತೆ. ಆವಿಯಲ್ಲಿ ಅವು ಏಳದ ಕಾರಣ ಭಟ್ಟಿಯ ಎಣ್ಣೆಯಲ್ಲಿ ಆ ತೊಂದರೆ ಇಲ್ಲವಂತೆ. ಹೊಟ್ಟೆಗೆ ಹೋಗುವ ಶರಬತ್ತು, ಮಿಠಾಯಿಗೆ ಒತ್ತಿದ್ದೇ ಒಳ್ಳೆಯದು, ಮೈಗೆ ಹಚ್ಚುವುದಕ್ಕೆ ಭಟ್ಟಿಯದ್ದು ಎಂದು ಅವರು ಬರೆದು ಕಳಿಸಿದರು.

ಇಷ್ಟೆಲ್ಲ ಆದರೂ ಒಂಬತ್ತು ದಿನದ ಮಾತು ಬಾಕಿ ಇತ್ತು. ಸರಸಳ ಗಾಯ ಒಣಗಿ, ಅವಳು ಕೂತು ಗಂಜಿ ಕುಡಿಯುವಷ್ಟು ಆದ ಮೇಲೆ ಅಮ್ಮಣ್ಣಿ ಅವಳ ಎದುರು ಕೂತಳು.

"ನಿನ್ನ ಕೈಯ ಗೀರು ನಾನು ಮೊದಲೇ ನೋಡಿದ್ದೆ. ಎಂತದ್ದು ಅಂತ ಗೊತ್ತೂ ಇತ್ತು. ಹೇಳಲಿಲ್ಲ."

ಸರಸ ಬಟ್ಟಲು ಕೆಳಗಿಟ್ಟಳು. "ಯಾಕೆ ಅತ್ತಿಗೆ?"

"ಚೀಟಿಯಲ್ಲಿ ನಿನ್ನ ಹೆಸರು ಬರ್ತದೆ ಅಂತ ಹೇಳಿದೆಯಲ್ಲ. ಅದಕ್ಕೆ."

ಸರಸ ಆ ವಾರವೇ ತಾಯಿಮನೆಗೆ ಹೋದಳು. ನಾಲ್ಕು ತಿಂಗಳು ಬರಲಿಲ್ಲ. ಲೋಕನಾಥ ಅಕ್ಕ ಬಡಿಸಿದ್ದನ್ನು ಉಂಡು, ಮಾತಿಲ್ಲದೆ ಬಸ್ಸಿನ ಕೆಲಸಕ್ಕೆ ಹೋಗುತ್ತಿದ್ದ. ಅಬೂಬಕ್ಕರರು ಇನ್ನೂರು ಸೀಸೆಯನ್ನು ಅಮ್ಮಣ್ಣಿಯ ಎಣ್ಣೆ ಹಾಕಿ ಹೊಸದಾಗಿ ಮಾಡಿಸಿಕೊಂಡರು. ಅವಳು ಬಯಸಿದ್ದೆಲ್ಲ ಬಂದಿತ್ತು. ಸಂತೋಷವಾಗಲಿಲ್ಲ ಎನ್ನುವ ಹಾಗಿಲ್ಲ, ಮೊದಲ ವಾರ ಆಯಿತು. ಆಮೇಲೆ ಕಿಂಡಿಯಿಂದ ಜಗಲಿಯ ಮೂಲೆ ನೋಡುವುದು ಅಭ್ಯಾಸವಾಗಿ ಹೋಗಿದ್ದರಿಂದ ನೋಡುವಳು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಹೊಟ್ಟೆಕಿಚ್ಚು ಪಡಲೂ ಜನ ಬೇಕು ಎಂಬುದು ಅವಳಿಗೆ ಆಗ ತಿಳಿಯಿತು.

ಏಪ್ರಿಲಿನಲ್ಲಿ ಅವಳೇ ಬೆಳ್ತಂಗಡಿಯ ಬಸ್ಸು ಹತ್ತಿದಳು. ಸರಸಳ ತಾಯಿಮನೆಯ ಅಂಗಳದಲ್ಲಿ ನಿಂತು, "ಕರೆಯಲಿಕ್ಕೆ ಬಂದೆ. ಬರುವುದಾದರೆ ಬಾ. ಗಜನಿಂಬೆ ಹಾಳಾಗ್ತಾ ಉಂಟು, ನನಗೆ ಒತ್ತಲಿಕ್ಕೆ ಬರುವುದಿಲ್ಲ" ಎಂದಳು. ಸರಸ ಒಳಗೆ ಹೋದಳು. ಒಂದು ಗಂಟೆ ಕಳೆದ ಮೇಲೆ ಚೀಲ ಹಿಡಿದು ಹೊರಗೆ ಬಂದಳು. ಕ್ಷಮಿಸಿದೆ ಎಂದು ಅವಳು ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಅಲ್ಲಿಂದ ಆ ಮನೆಯಲ್ಲಿ ಎರಡು ಎಣ್ಣೆ ತಯಾರಾಗತೊಡಗಿದವು. ಹಣ್ಣು ಬಂದರೆ ಸಿಪ್ಪೆ ಮೊದಲು ಸರಸಳ ಸ್ಪಂಜಿಗೆ, ಒತ್ತಿ ಉಳಿದದ್ದು ಅಮ್ಮಣ್ಣಿಯ ಹಂಡೆಗೆ. ಜಗಳಗಳೂ ತಯಾರಾಗುತ್ತಿದ್ದವು. ನೀನು ಜಾಸ್ತಿ ಹಿಂಡಿದೆ, ನನಗೆ ಏನೂ ಉಳಿಯಲಿಲ್ಲ ಎಂದು ಇವಳು, ನೀವು ಬೆಂಕಿ ಜೋರು ಮಾಡಿದಿರಿ ಎಂದು ಅವಳು.

ಅರವತ್ತಾರರಲ್ಲಿ ಬ್ಲಾಕಿನವರು ತರಬೇತಿಯಲ್ಲಿ ಪಾಠ ಮಾಡಲು ಸರಸಳನ್ನೇ ಕರೆದರು. ಅಮ್ಮಣ್ಣಿ ಜತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಸರಸ ಹೆದರದೆ ಮಾತಾಡಿದಳು. ಒತ್ತಿದ ಎಣ್ಣೆ ಬಿಸಿಲಿಗೆ ಸುಡುವುದನ್ನು ಹೇಳುವಾಗ, "ಇದನ್ನು ನಮಗೆ ತೋರಿಸಿಕೊಟ್ಟದ್ದು ನಮ್ಮ ಅತ್ತಿಗೆ, ತನ್ನದೇ ಕೈ ಸುಟ್ಟುಕೊಂಡು" ಎಂದಳು. ನಲವತ್ತು ಹೆಂಗಸರು ತಿರುಗಿ ನೋಡಿದರು. ಅಮ್ಮಣ್ಣಿಗೆ ಕಣ್ಣು ತುಂಬಿತು. ಅದೇ ಗಳಿಗೆಯಲ್ಲಿ, ಇವಳು ಎಷ್ಟು ಚೆಂದ ಮಾತಾಡುತ್ತಾಳಲ್ಲ, ನನಗೆ ಹೀಗೆ ನಿಂತು ಮಾತಾಡಲು ಬರುವುದಿಲ್ಲವಲ್ಲ ಎಂದು ಹೊಟ್ಟೆಯೊಳಗೆ ಚುರುಕ್ಕೆಂದಿತು.

ಬಸ್ಸಿನಲ್ಲಿ ಬರುವಾಗ ಕೇಳಿಯೇಬಿಟ್ಟಳು. "ಒಂಬತ್ತು ದಿನದ್ದು ಯಾಕೆ ಹೇಳಲಿಲ್ಲ?"

"ಅದು ಎಣ್ಣೆಯ ಪಾಠ ಅಲ್ಲ ಅತ್ತಿಗೆ" ಎಂದಳು ಸರಸ. ಆಮೇಲೆ, "ಮುಂದಿನ ಸಲ ಹಂಡೆಯ ಪಾಠ ನೀವೇ ಮಾಡಿ" ಎಂದಳು.

"ನಾನಾ? ನನಗೆ ಎಲ್ಲಿ ಬರ್ತದೆ!" ಎಂದಳು ಅಮ್ಮಣ್ಣಿ. ಬಸ್ಸು ವಾಮದಪದವಿನ ಹತ್ತಿರ ಬರುವಾಗ ಮತ್ತೆ ಕೇಳಿದಳು, "ಮುಂದಿನ ಸಲ ಅಂದ್ರೆ ಯಾವಾಗ?"